ವಾರಿಜಾಳ ಬೆಳಗು, ನನ್ನ ಮಧ್ಯಾಹ್ನ

ಹೈದರಾಬಾದಿನ ಕೊಂಡಾಪುರದಲ್ಲಿ ನನ್ನ ತಂಗಿ ಹೊಸ ಮನೆ ತೆಗೆದುಕೊಂಡಿದ್ದಾಳೆ. ಹೋದ ತಿಂಗಳು ನೋಡಲು ಹೋಗಿದ್ದೆ. ಬಾಲ್ಕನಿಯಲ್ಲಿ ಚಹಾ ಕುಡಿಯುತ್ತ ನಿಂತಿದ್ದಾಗ ಎದುರಿನ ಜಾಗದಲ್ಲಿ ಬಂಡೆ ಒಡೆದರು. ಮೊದಲು ಸೀಟಿ, ಆಮೇಲೆ ಕಾಲಡಿಯಲ್ಲಿ ಸಣ್ಣ ನಡುಕ, ಸ್ವಲ್ಪ ಹೊತ್ತಿಗೆ ಕಲ್ಲುಪುಡಿ ಮತ್ತು ಮದ್ದಿನ ವಾಸನೆ. ತಂಗಿ, "ಅಯ್ಯ, ಕಿಟಕಿ ಹಾಕ್ರಿ ಯಾರರ, ಮನಿ ತುಂಬ ಧೂಳಾಗತೈತಿ," ಎಂದು ಒಳಗೆ ಓಡಿದಳು. ನಾನು ಮಾತ್ರ ಮೂಗರಳಿಸಿಕೊಂಡು ನಿಂತೇ ಇದ್ದೆ. ಆ ವಾಸನೆಗೆ ಇಷ್ಟು ವರ್ಷಗಳ ಮೇಲೂ ನನ್ನಲ್ಲಿ ಮೊದಲು ಎದ್ದದ್ದು ಹೊಟ್ಟೆಕಿಚ್ಚು. ವಾರಿಜಾ ಎಂಬ ಹುಡುಗಿಯ ಮೇಲಿನದು. ಹಳೆಯದಾದರೂ ಹಳಸಿರಲಿಲ್ಲ.

ಆಗ ಗಚ್ಚಿಬೌಲಿಯೆಂದರೆ ಬಂಡೆಗಳು, ಸೀತಾಫಲದ ಗಿಡಗಳು, ನಡುವೆ ವಿಶ್ವವಿದ್ಯಾಲಯ. ಅತ್ತ ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಏಳಲು ಶುರುವಾಗಿದ್ದವು. ಊರಿಗೆ ಊರೇ ಕಂಪ್ಯೂಟರ್ ಕಲಿಯುತ್ತಿತ್ತು. ಅಮೀರ್‌ಪೇಟೆಯಲ್ಲಿ ಜಾವಾ ಕ್ಲಾಸಿನ ಬೋರ್ಡು ಇಲ್ಲದ ಗೋಡೆ ಹುಡುಕಬೇಕಾಗಿತ್ತು. ನಮ್ಮದು ರಾಯಚೂರು ಕಡೆಯ ಮನೆ. ಅಪ್ಪ ನೌಕರಿಗೆಂದು ಹೈದರಾಬಾದಿಗೆ ಬಂದು ಕಾಚಿಗುಡದಲ್ಲಿ ನೆಲೆಸಿದವರು. ನಮ್ಮ ಓಣಿಯ ಹುಡುಗ ಹುಡುಗಿಯರೆಲ್ಲ ಕಂಪ್ಯೂಟರಿನ ಹಿಂದೆ ಬಿದ್ದಿರುವಾಗ ನಾನು ಎಂ.ಎಸ್ಸಿ. ಮುಗಿಸಿ ಕಪ್ಪೆಯ ಹಿಂದೆ ಬಿದ್ದಿದ್ದೆ. ಮುಂಗಾರು ಶುರುವಾದ ವಾರವೇ ಅಪ್ಪ ನನ್ನನ್ನು ಕೂಡಿಸಿಕೊಂಡು ಮಾತಾಡಿದರು.

"ನೋಡವ್ವಾ ಶೈಲಾ, ಕಪ್ಪಿ ಕಾಲು ಕೊಯ್ಯೂದ್ರಾಗ ಏನ್ ಐತೋ ನನಗಂತೂ ತಿಳೀವಲ್ದು. ದಸರಾ ತನಕ ನೋಡತೀನಿ. ಅಷ್ಟರಾಗ ಪಿಎಚ್‌ಡಿ ಸೀಟು ಸಿಕ್ಕರ ಛಲೋ ಆತು. ಇಲ್ಲಾಂದ್ರ ಸೀದಾ ಅಮೀರ್‌ಪೇಟ್."

ಸೀಟು ಇದ್ದದ್ದು ಒಂದೇ. ವಿಶ್ವವಿದ್ಯಾಲಯದಲ್ಲಿ ನಮ್ಮ ಪ್ರಯೋಗಾಲಯ ನಡೆಸುತ್ತಿದ್ದ ಮೇಡಂ ದಸರೆಗೆ ಮುಂಚೆ ಒಬ್ಬರನ್ನು ಪಿಎಚ್‌ಡಿಗೆ ತೆಗೆದುಕೊಳ್ಳುವವರಿದ್ದರು. ಪ್ರಯೋಗಾಲಯದಲ್ಲಿ ಸಹಾಯಕರಾಗಿ ಇದ್ದವರು ನಾವು ಇಬ್ಬರು, ನಾನು ಮತ್ತು ವಾರಿಜಾ.

ನಮ್ಮ ಕೆಲಸ ಏನೆಂದು ಓಣಿಯ ಹೆಂಗಸರಿಗೆ ಹೇಳಿ ಹೇಳಿ ನನಗೆ ಬಾಯಿಪಾಠವಾಗಿತ್ತು. ಕಪ್ಪೆ ಇರಲಿ, ನಾವಿರಲಿ, ಬೆನ್ನೆಲುಬಿರುವ ಯಾವ ಪ್ರಾಣಿಯಲ್ಲೂ ನರವು ಸ್ನಾಯುವಿಗೆ ಅಂಟಿಕೊಂಡಿರುವುದಿಲ್ಲ. ತೀರ ಹತ್ತಿರ ಹೋಗಿ ನಿಂತಿರುತ್ತದೆ, ಅಷ್ಟೇ. ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು. ಈ ಕೂಡುವ ಜಾಗವೇ ಸಿನಾಪ್ಸ್. ನರದುದ್ದಕ್ಕೂ ಓಡಿಬಂದ ವಿದ್ಯುತ್ತು ಸಂದಿನ ದಂಡೆಗೆ ಬಂದು ನಿಂತುಬಿಡುತ್ತದೆ, ದಾಟುವುದಿಲ್ಲ. ಆಗ ನರದ ತುದಿಯೊಳಕ್ಕೆ ಕ್ಯಾಲ್ಶಿಯಂ ನುಗ್ಗುತ್ತದೆ. ಅದು ನುಗ್ಗಿದ ಕೂಡಲೇ ಒಳಗೆ ಪುಟ್ಟ ಪುಟ್ಟ ಚೀಲಗಳಲ್ಲಿ ತುಂಬಿಟ್ಟ ರಾಸಾಯನಿಕವು ಸಂದಿಗೆ ಸುರಿಯುತ್ತದೆ. ಕಪ್ಪೆಯ ಕಾಲಿನಲ್ಲಾದರೆ ಅದರ ಹೆಸರು ಅಸಿಟೈಲ್‌ಕೋಲಿನ್. ಆಚೆ ದಂಡೆಯ ಸ್ನಾಯು ಅದನ್ನು ಹಿಡಿದುಕೊಂಡು ತನ್ನಲ್ಲಿ ಹೊಸದಾಗಿ ವಿದ್ಯುತ್ತಿನ ಅಲೆ ಎಬ್ಬಿಸಿಕೊಳ್ಳುತ್ತದೆ. ಮೆದುಳಿನಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದೂ ಬಹುಮಟ್ಟಿಗೆ ಹೀಗೆಯೇ. ಸುರಿದರೆ ಇಡೀ ಚೀಲವೇ ಸುರಿಯಬೇಕು. ಅರ್ಧ ಚೀಲ ಎಂಬುದು ಆ ಲೋಕದಲ್ಲಿಲ್ಲ.

ಒಂದು ಸಲ ಕರೆದರೆ ನರವು ಎಷ್ಟು ಚೀಲ ಸುರಿಯುತ್ತದೆ ಎಂದು ಕಂಡುಹಿಡಿಯುವುದು ನಮ್ಮ ಪ್ರಯೋಗ. ಕರೆಯುವುದೆಂದರೆ, ನರವನ್ನು ತಂತಿಯ ಕೊಕ್ಕೆಗೆ ಸಿಕ್ಕಿಸಿ ಅದಕ್ಕೆ ಸಣ್ಣದೊಂದು ವಿದ್ಯುತ್ತು ಮುಟ್ಟಿಸುವುದು. ಸಾಮಾನ್ಯ ಸ್ಥಿತಿಯಲ್ಲಿ ನೂರಾರು ಚೀಲ ಒಮ್ಮೆಲೇ ಸುರಿದು ಸ್ನಾಯು ಜಿಗಿದುಬಿಡುತ್ತದೆ, ಲೆಕ್ಕ ಸಿಗುವುದಿಲ್ಲ. ಅದಕ್ಕೆ ಸ್ನಾಯುವನ್ನು ಮುಳುಗಿಸಿಟ್ಟ ಉಪ್ಪುನೀರಿನಲ್ಲಿ ಕ್ಯಾಲ್ಶಿಯಂ ಇಳಿಸಿ ಮೆಗ್ನೀಶಿಯಂ ಏರಿಸುತ್ತಿದ್ದೆವು. ಆಗ ನರ ಜಿಪುಣವಾಗುತ್ತದೆ. ಕರೆದಾಗ ಒಂದು ಚೀಲ, ಎರಡು ಚೀಲ ಕೊಡುತ್ತದೆ. ಅದನ್ನು ಹಿಡಿಯಲು ಗಾಜಿನ ನಳಿಗೆಯನ್ನು ಕಾಯಿಸಿ ಎಳೆದು ಮಾಡಿದ ಸೂಜಿ ಬೇಕು. ಅದರ ತುದಿ ಬರಿಗಣ್ಣಿಗೆ ಕಾಣುವುದಿಲ್ಲ. ಸ್ನಾಯುವಿನ ಒಂದೇ ಒಂದು ಎಳೆಯೊಳಗೆ ಅದನ್ನು ಇಳಿಸಿ, ಅಲುಗಾಡದಂತೆ ಗಂಟೆಗಟ್ಟಲೆ ಕಾಯಬೇಕು. ಅಲುಗಾಡಬಾರದೆಂದು ಮೇಡಂ ಒಂದು ಉಪಾಯ ಮಾಡಿದ್ದರು. ಅಡಿಗೆಮನೆಯ ಕಟ್ಟೆಗೆ ಹಾಕುವಂಥ ಗ್ರಾನೈಟ್ ಹಲಗೆಯನ್ನು ಗಾಳಿ ತುಂಬಿದ ಸ್ಕೂಟರ್ ಟ್ಯೂಬುಗಳ ಮೇಲೆ ಇಟ್ಟು, ಅದರ ಮೇಲೆ ಯಂತ್ರ ಕೂಡಿಸಿದ್ದರು. ಟ್ಯೂಬು ಪಂಕ್ಚರ್ ಆದರೆ ನಮ್ಮ ವಿಜ್ಞಾನವೂ ಆ ದಿನ ರಜೆ.

ಮೇಡಮ್ಮರ ಇನ್ನೊಂದು ಪದ್ಧತಿಯೆಂದರೆ ಒಂದೇ ಅಳತೆಯನ್ನು ಇಬ್ಬರ ಕೈಯಿಂದ ಬೇರೆ ಬೇರೆ ಮಾಡಿಸುವುದು. ಒಬ್ಬರ ತಪ್ಪು ಇನ್ನೊಬ್ಬರಿಂದ ಗೊತ್ತಾಗಲಿ ಎಂದು. ಒಳ್ಳೆಯ ಪದ್ಧತಿಯೇ. ಆದರೆ ಯಂತ್ರ ಇದ್ದದ್ದು ಒಂದು. ವಾರಿಜಾ ಕ್ಯಾಂಪಸ್ಸಿನ ಹಾಸ್ಟೆಲ್ಲಿನಲ್ಲಿದ್ದಳು, ಎದ್ದು ಹಲ್ಲುಜ್ಜಿ ಬಂದರಾಯಿತು. ನಾನು ಕಾಚಿಗುಡದಿಂದ ಎರಡು ಬಸ್ಸು ಬದಲಿಸಿ ಬರಬೇಕು. ಅದಕ್ಕೆ ಬೆಳಗು ಅವಳ ಪಾಲಾಯಿತು, ಮಧ್ಯಾಹ್ನ ನನ್ನ ಪಾಲಾಯಿತು. ಆ ಮಳೆಗಾಲದಲ್ಲಿಯೇ ಕಾಂಪೌಂಡಿನ ಆಚೆ ಯಾವುದೋ ಸಾಫ್ಟ್‌ವೇರ್ ಕಂಪನಿಯ ಕಟ್ಟಡಕ್ಕೆ ಬಂಡೆ ಒಡೆಯಲು ಶುರುಮಾಡಿದರು. ಬೆಳಿಗ್ಗೆ ಕುಳಿ ಕೊರೆದು ಮದ್ದು ತುಂಬುವರು, ಮಧ್ಯಾಹ್ನ ಊಟದ ಹೊತ್ತಿನಿಂದ ಸಂಜೆಯವರೆಗೆ ಹಾರಿಸುವರು. ಸೀಟಿ ಕೇಳಿದರೆ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಧಡ್ ಎಂದಿತೆಂದರೆ ಟ್ಯೂಬಿನ ಮೇಲಿನ ಹಲಗೆ ತೊಟ್ಟಿಲಿನಂತೆ ತೂಗಿ ನನ್ನ ಸೂಜಿ ಎಳೆಯಿಂದ ಹೊರಬಿದ್ದಿರುತ್ತಿತ್ತು, ಇಲ್ಲವೇ ನರವು ಕೊಕ್ಕೆಯಿಂದ ಜಾರಿರುತ್ತಿತ್ತು. ಮತ್ತೆ ಮೊದಲಿನಿಂದ ಶುರು.

ವಾರಿಜಾ ಉಡುಪಿ ಕಡೆಯವಳು. ಇಬ್ಬರೂ ಕನ್ನಡದವರೆಂದು ಮೇಡಂ ನಮ್ಮನ್ನು ಅಕ್ಕತಂಗಿಯರೆಂದೇ ತಿಳಿದಿದ್ದರು. ನಾನು 'ಐತಿ' ಎಂದರೆ ಅವಳು 'ಉಂಟು' ಎನ್ನುವಳು; ನಾವು ಒಬ್ಬರ ಮಾತು ಒಬ್ಬರಿಗೆ ತಿಳಿಯಲು ಒಂದು ವಾರ ಬೇಕಾಯಿತು. ಅವಳ ಮೇಲೆ ನನಗೆ ಯಾಕೆ ಮೈ ಉರಿಯುತ್ತಿತ್ತು ಎಂದು ಕೇಳಿದರೆ ಎಲ್ಲಿಂದ ಹೇಳಲಿ? ಅವಳು ಎಳೆದ ಸೂಜಿ ಮೊದಲ ಸಲಕ್ಕೇ ಸರಿಯಾಗುತ್ತಿತ್ತು. ನನ್ನವು ಬುಟ್ಟಿಗೆ ಹೋಗುತ್ತಿದ್ದವು. ನಾನು ಹುಟ್ಟಿ ಬೆಳೆದ ಊರಿನಲ್ಲಿ, ಬಂದು ವರ್ಷವಾಗದ ಅವಳು, ಮೇಡಮ್ಮರೊಡನೆ ನನಗಿಂತ ಚೆಂದದ ತೆಲುಗು ಆಡುತ್ತಿದ್ದಳು. ಮಳೆಯಲ್ಲಿ ತೊಯ್ದು ಬಂದರೂ ಅವಳ ಜಡೆ ಜಡೆಯಂತೆಯೇ ಇರುತ್ತಿತ್ತು. ಬಸ್ಸಿನಿಂದ ಇಳಿದ ನಾನು ಜಗಳಾಡಿ ಬಂದವಳ ಹಾಗೆ ಕಾಣುತ್ತಿದ್ದೆ. ಮೇಲಾಗಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಅವಳು ಸಣ್ಣಗೆ ಹಾಡಿಕೊಳ್ಳುತ್ತಿದ್ದಳು. ಸೂಜಿ ಇಳಿಸುವಾಗ ಉಸಿರಾಡಲೂ ಹೆದರುವವಳು ನಾನು. ಇವಳಿಗೆ ಹಾಡು!

ನನ್ನ ಅವ್ವ ಕೊಡುತ್ತಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ಅವಳಿಗೆ ದಿನವೂ ಪಾಲು ಇರುತ್ತಿತ್ತು. ಅವಳು ಕಣ್ಣಲ್ಲಿ ನೀರು ಬರಿಸಿಕೊಂಡು ತಿನ್ನುತ್ತ, "ಎಂತ ರುಚಿ ಮಾರಾಯ್ತಿ! ನಿನ್ನ ಅಮ್ಮನನ್ನು ನನಗೆ ಕೊಟ್ಟುಬಿಡು," ಎನ್ನುವಳು. ಅಷ್ಟೊಂದು ಉಳ್ಳವಳಿಗೆ ನನ್ನ ಅವ್ವನೂ ಬೇಕಂತೆ ಎಂದು ಅದಕ್ಕೂ ನನಗೆ ಸಿಟ್ಟು ಬರುತ್ತಿತ್ತು.

ಆಷಾಢದಲ್ಲಿ ಊರಮ್ಮನಿಗೆ ಮಾಡುವ ಬೋನಾಲು ಹಬ್ಬ ಮುಗಿದ ಮೇಲೆ ಮೇಡಂ ಇಬ್ಬರ ಲೆಕ್ಕವನ್ನೂ ಎದುರು ಬದುರು ಇಟ್ಟು ನೋಡಿದರು. ವಾರಿಜಾಳ ನರಗಳು ಕರೆದಾಗ ಸರಾಸರಿ ಒಂದು ಚೀಲದಷ್ಟೂ ಕೊಟ್ಟಿರಲಿಲ್ಲ. ನನ್ನವು ಧಾರಾಳವಾಗಿ ಅದರ ದುಪ್ಪಟ್ಟು ಕೊಟ್ಟಿದ್ದವು. ಅದೇ ತೊಟ್ಟಿಯ ಕಪ್ಪೆ, ಅವರವರೇ ಕಲಸಿಕೊಂಡರೂ ಅದೇ ಅಳತೆಯ ಉಪ್ಪುನೀರು, ಅದೇ ಯಂತ್ರ.

"ಏಮಮ್ಮಾ ಶೈಲಾ," ಎಂದು ಮೇಡಂ ಕನ್ನಡಕದ ಮೇಲಿಂದ ನೋಡಿದರು. ಮುಂದಿನದನ್ನು ಇಂಗ್ಲಿಷಿನಲ್ಲಿ ಹೇಳಿದರು. ನಿನ್ನ ಕ್ಯಾಲ್ಶಿಯಂ ಹೆಚ್ಚಾಗಿದೆ, ತೂಕ ಸರಿಯಾಗಿ ಮಾಡು, ಎರಡರಲ್ಲಿ ಒಂದು ಲೆಕ್ಕ ತಪ್ಪು, ತಪ್ಪು ಇರುವವರನ್ನು ನಾನು ಪಿಎಚ್‌ಡಿಗೆ ಹೇಗೆ ತೆಗೆದುಕೊಳ್ಳಲಿ ಎಂದರು.

ತಪ್ಪು ನನ್ನದೇ ಎಂದು ಅವರಿಗೆ ಹೇಗೆ ಗೊತ್ತಾಯಿತು? ವಾರಿಜಾಳದೂ ಇರಬಹುದಲ್ಲ? ಆ ಪ್ರಶ್ನೆ ಅವರಿಗೆ ಹೊಳೆಯಲೇ ಇಲ್ಲ ಎನ್ನುವುದು ನನ್ನನ್ನು ಹೆಚ್ಚು ಸುಟ್ಟಿತು. ನಾನು ನೀರನ್ನು ಹೊಸದಾಗಿ ಕಲಸಿದೆ. ತಕ್ಕಡಿಯನ್ನು ಒರೆಸಿ ಒರೆಸಿ ತೂಗಿದೆ. ಬಾಟಲಿಗಳನ್ನು ತೊಳೆದೆ. ವಾರಿಜಾಳ ನೀರನ್ನೇ ಕಡ ತಂದು ನೋಡಿದೆ. ಗಣೇಶ ಚೌತಿ ಬಂತು, ನನ್ನ ನರಗಳ ಔದಾರ್ಯ ಕಡಿಮೆಯಾಗಲಿಲ್ಲ. ಮನೆಯಲ್ಲಿ ಅಪ್ಪ ಜಾವಾ ಕ್ಲಾಸಿನ ಹೊತ್ತು ವಿಚಾರಿಸಿಕೊಂಡು ಬಂದಿದ್ದರು.

ಒಂದು ಮಧ್ಯಾಹ್ನ ವಾರಿಜಾ ತನ್ನ ಕೊಡೆ ಮರೆತು ಹೋದವಳು ತೆಗೆದುಕೊಂಡು ಹೋಗಲು ಬಂದಳು. ನಾನು ಯಂತ್ರದ ಮುಂದೆ ಇದ್ದೆ. ನಮ್ಮದು ಹಳೆಯ ಕಾಲದ ಆಸಿಲೋಸ್ಕೋಪ್. ನರವನ್ನು ಕರೆದಾಗಲೊಮ್ಮೆ ತೆರೆಯ ಮೇಲೆ ಹಸಿರು ಗೆರೆಯೊಂದು ಮೂಡಿ, ನಾವು ಅಳಿಸುವವರೆಗೂ ಹಾಗೇ ಉಳಿಯುತ್ತಿತ್ತು. ನರ ಉತ್ತರ ಕೊಟ್ಟಿದ್ದರೆ ಗೆರೆಯಲ್ಲಿ ಉಬ್ಬು ಇರುತ್ತದೆ. ಅದರ ಎತ್ತರ ಬರೆದುಕೊಂಡು ಗುಂಡಿ ಒತ್ತಿ ಅಳಿಸಿ ಮತ್ತೆ ಕರೆಯಬೇಕು. ನಾನು ಕರೆದೆ. ಗೆರೆ ಸಪಾಟಾಗಿ ಹೋಯಿತು. ಅಳಿಸಿದೆ. ಮತ್ತೆ ಕರೆದೆ, ಉಬ್ಬು ಬಂತು, ಬರೆದುಕೊಂಡು ಅಳಿಸಿದೆ. ಇನ್ನೊಮ್ಮೆ ಕರೆದೆ. ಮತ್ತೆ ಸಪಾಟು. ಅಳಿಸಿದೆ.

"ಅದನ್ನು ಯಾಕೆ ಬರೆದುಕೊಳ್ಳಲಿಲ್ಲ?" ವಾರಿಜಾ ಬೆನ್ನ ಹಿಂದಿನಿಂದ ಕೇಳಿದಳು.

"ಏನ್ ಬರಕೊಳ್ಳಲಿ? ಏನೂ ಬಂದಿಲ್ಲಲ್ಲ."

"ಏನೂ ಬರಲಿಲ್ಲ ಅಂತ ಬರೆಯಬೇಕು."

"ಬಂಡಿ ಹಾರಿಸಾಕತ್ತಾರಲ್ಲ, ನರ ಕೊಕ್ಕಿಯಿಂದ ಜಾರಿರತೈತಿ. ಅಂಥಾವು ಲೆಕ್ಕಕ್ಕ ಬರೂದಿಲ್ಲ."

"ಜಾರಿದ್ದರೆ ಆಮೇಲೆ ಬಂದದ್ದು ಹೇಗೆ? ಈಗಷ್ಟೇ ನೀನು ಒಂದು ಬರೆದುಕೊಂಡಿ. ನಡುವೆ ಜಾರಿ ಪುನಃ ತಾನೇ ಹತ್ತಿ ಕೂತಿತಾ?" ಅವಳು ಪಕ್ಕದ ಸ್ಟೂಲು ಎಳೆದುಕೊಂಡು ಕೂತಳು. "ಕ್ಯಾಲ್ಶಿಯಂ ಕಡಿಮೆ ಮಾಡಿದ್ದೇ ಅದಕ್ಕಲ್ವಾ ಶೈಲಾ? ನಾವು ಕರೆದೆವು, ಅದು ಒಂದು ಚೀಲವೂ ಕೊಡಲಿಲ್ಲ. ಅದೂ ಉತ್ತರವೇ. ಸೊನ್ನೆ. ಸೊನ್ನೆ ಎಲ್ಲ ಬಿಸಾಡಿದರೆ ಸರಾಸರಿ ಮೇಲೆ ಹೋಗದೆ ಎಂತ ಮಾಡುದು?"

ಪಾಠದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಅಂಕವನ್ನೂ ಪಡೆದಿದ್ದೆ. ಆದರೆ ಮಧ್ಯಾಹ್ನಗಳೆಲ್ಲ ಬಂಡೆ ಸಿಡಿಯುವುದನ್ನೇ ಕೇಳುತ್ತ ಕೂತವಳಿಗೆ ಸಪಾಟು ಗೆರೆ ಕಂಡರೆ ಸಾಕು, ಸೂಜಿ ಕೆಟ್ಟಿತು, ನರ ಜಾರಿತು ಎಂದೇ ಬೆರಳು ಗುಂಡಿಯ ಕಡೆ ಹೋಗುತ್ತಿತ್ತು. ಬೆಳಗಿನ ಮೌನದಲ್ಲಿ ಕೂತವಳಿಗೆ ಹಾಗೆ ಅನ್ನಿಸಲು ಕಾರಣವಿರಲಿಲ್ಲ. ಅವಳ ಬೆಳಗು ಅವಳಿಗೆ ಸೊನ್ನೆಯನ್ನೂ ಕೊಟ್ಟಿತ್ತು.

ಅವಳು ಸುಮ್ಮನೆ ಕೊಡೆ ತೆಗೆದುಕೊಂಡು ಹೋಗಬಹುದಿತ್ತು. ದಸರೆಯವರೆಗೆ ಬಾಯಿಮುಚ್ಚಿಕೊಂಡಿದ್ದರೆ ಸೀಟು ಅವಳ ಮಡಿಲಿಗೆ ಬೀಳುತ್ತಿತ್ತು. ಅದು ಅವಳಿಗೂ ಗೊತ್ತಿತ್ತು. ಅವಳ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸಹೋಗಿ, ಬೇಡವೆಂದು ಬಿಟ್ಟೆ. ಒಳ್ಳೆಯತನದಲ್ಲಾದರೂ ಇವಳು ನನಗಿಂತ ಹಿಂದೆ ಇರಬಾರದೇ ಎಂದು ಅನ್ನಿಸಿತು. ಅದರಲ್ಲೂ ಮುಂದೆ!

"ನಾಳೆಯಿಂದ ಬೆಳಿಗ್ಗೆ ನೀನು ಕೂತುಕೋ," ಎಂದಳು. "ನನ್ನದು ಹೇಗೂ ಮುಗಿಯಿತು."

ಥ್ಯಾಂಕ್ಸ್ ಎನ್ನಬೇಕೆಂದು ಬಾಯಿ ತೆರೆದೆ. ಬಂದ ಮಾತೇ ಬೇರೆ. "ನಿನ್ನ ಕಂಡರ ನನಗ ಹೊಟ್ಟಿಕಿಚ್ಚು ಭಾಳ, ಗೊತ್ತೈತೇನು?"

"ಗೊತ್ತುಂಟು ಮಾರಾಯ್ತಿ," ಎಂದು ಕೊಡೆ ಬಿಡಿಸಿ ನೋಡಿ ಮತ್ತೆ ಮಡಚಿದಳು. "ನಿನ್ನ ಮುಖದಲ್ಲಿ ಎಲ್ಲ ಕಾಣ್ತದೆ. ಕೂತುಕೊಳ್ತೀಯಾ ಇಲ್ವಾ ಹೇಳು."

ಕೂತೆ. ಬೆಳಕು ಹರಿಯುವ ಮೊದಲೇ ಅವ್ವ ಎದ್ದು ರೊಟ್ಟಿ ಬಡಿಯುತ್ತಿದ್ದಳು, ನಾನು ಮೊದಲ ಬಸ್ಸು ಹಿಡಿಯುತ್ತಿದ್ದೆ. ಬೆಳಗಿನ ಪ್ರಯೋಗಾಲಯ ಹೇಗಿರುತ್ತದೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಸೀತಾಫಲದ ಗಿಡಗಳಲ್ಲಿ ಹಕ್ಕಿಗಳು, ತೊಟ್ಟಿಯಲ್ಲಿ ಕಪ್ಪೆಗಳು, ಬಿಟ್ಟರೆ ಸದ್ದಿಲ್ಲ. ಸೂಜಿ ಇಳಿಯಿತೆಂದರೆ ಇಳಿಯಿತು, ಎಲ್ಲಿಗೂ ಹೋಗುತ್ತಿರಲಿಲ್ಲ. ಕರೆದೆ, ಇಲ್ಲವೆಂದಿತು, ಬರೆದುಕೊಂಡೆ. ಕರೆದೆ, ಒಂದು ಚೀಲ ಕೊಟ್ಟಿತು. ಮತ್ತೆ ಇಲ್ಲ, ಮತ್ತೆ ಇಲ್ಲ, ಆಮೇಲೆ ಎರಡು. ಕರೆಯದಿದ್ದಾಗಲೂ ಆಗೊಮ್ಮೆ ಈಗೊಮ್ಮೆ ನರ ತಾನೇ ಒಂದು ಚೀಲ ಚೆಲ್ಲುತ್ತಿತ್ತು; ಒಂದು ಚೀಲದ ಎತ್ತರ ಎಷ್ಟೆಂದು ನಮಗೆ ತಿಳಿಯುವುದೇ ಆ ತಾನೇತಾನಾಗಿ ಬರುವ ಉಬ್ಬುಗಳಿಂದ. ಇಷ್ಟು ಸುಖವನ್ನು ಅವಳು ಇಡೀ ಮಳೆಗಾಲ ಉಂಡಿದ್ದಾಳಲ್ಲ ಎಂದು ಸಂಕಟವೂ ಆಗುತ್ತಿತ್ತು. ಲೆಕ್ಕ ಹಾಕಿದರೆ ನನ್ನ ನರಗಳು ಅವಳ ನರಗಳಷ್ಟೇ ಜಿಪುಣವಾಗಿದ್ದವು.

ಮೇಡಂ ಇಬ್ಬರನ್ನೂ ಒಟ್ಟಿಗೇ ಕರೆದರು. ನನ್ನ ಹೊಸ ಲೆಕ್ಕ ನೋಡಿ ತಲೆಯಾಡಿಸಿದರು, ಬಾಗುಂದಿ, ಚೆನ್ನಾಗಿದೆ ಎಂದರು. ಸೀಟನ್ನು ವಾರಿಜಾಳಿಗೆ ಕೊಟ್ಟರು. ನೀನು ತಿದ್ದಿಕೊಂಡೆ, ಅವಳಿಗೆ ತಿದ್ದಿಕೊಳ್ಳುವ ಅಗತ್ಯ ಬರಲಿಲ್ಲ ಎಂದು ನನಗೆ ನೇರವಾಗಿ ಹೇಳಿದರು. ಮುಂದಿನ ವರ್ಷ ಇನ್ನೊಂದು ಸೀಟು ಬಂದರೆ ನೋಡೋಣ ಎಂದರು. ನಾನು ಹೊರಗೆ ಬಂದು ತೊಟ್ಟಿಯ ಕಟ್ಟೆಯ ಮೇಲೆ ಕೂತು ಅತ್ತೆ. ನ್ಯಾಯವಾಗಿಯೇ ಸೋತಿದ್ದೆ, ಅದಕ್ಕೇ ಹೆಚ್ಚು ಅಳು ಬಂತು. ಮನೆಯಲ್ಲಿ ಅಪ್ಪ, "ಹೋಗಲಿ ಬಿಡವ್ವಾ, ಊಟಾ ಮಾಡು," ಎಂದರು.

ಮುಂದಿನ ಕತೆ ಸಣ್ಣದು. ಅಮೀರ್‌ಪೇಟೆಗೆ ಹೋದೆ, ಜಾವಾ ಕಲಿತೆ, ಮಾದಾಪುರದಲ್ಲಿ ನೌಕರಿ ಹಿಡಿದೆ. ಬಂಡೆ ಒಡೆದ ಜಾಗದಲ್ಲಿ ಎದ್ದ ಇಂಥದೇ ಗಾಜಿನ ಕಟ್ಟಡದಲ್ಲಿ ಇಷ್ಟು ವರ್ಷ ಅನ್ನ ಉಂಡಿದ್ದೇನೆ, ದೂರಲಾರೆ. ವಾರಿಜಾ ಈಗ ದೊಡ್ಡ ವಿಜ್ಞಾನಿ. ಅವಳ ಫೋಟೋವನ್ನು ಆಗೀಗ ಇಂಟರ್ನೆಟ್ಟಿನಲ್ಲಿ ತೆಗೆದು, ಕೂದಲು ಬೆಳ್ಳಗಾಗಿದೆಯೇ ಎಂದು ದೊಡ್ಡದು ಮಾಡಿ ನೋಡುತ್ತೇನೆ. ಆಗಿಲ್ಲ. ಆದರೆ ಆ ಮಳೆಗಾಲ ನನಗೆ ಮುಗಿದದ್ದು ಮೇಡಮ್ಮರ ಕೋಣೆಯಲ್ಲಲ್ಲ, ಅದಾದ ಮೇಲಿನ ನನ್ನ ಕೊನೆಯ ದಿನದಂದು.

ಒಂದು ಸ್ನಾಯುವಿನ ಅಳತೆ ಬಾಕಿ ಇತ್ತು. ಮುಗಿಸಿ ಹೋಗು ಎಂದಿದ್ದರು ಮೇಡಂ. ದಸರೆಯ ಮುಂಚಿನ ಬತುಕಮ್ಮ ಹಬ್ಬಕ್ಕೆ ಇಲ್ಲಿಯ ಕಡೆಯವರೆಲ್ಲ ಮನೆಗೆ ಹೋಗಿದ್ದರು, ಆಚೆ ಕಡೆಯ ಕೆಲಸವೂ ನಿಂತಿತ್ತು. ಸೋತವಳಿಗೆ ಇನ್ನೇನು ಅವಸರ? ಸೂಜಿ ಇಳಿಸಿ, ಕರೆದು, ಎತ್ತರ ಬರೆದುಕೊಂಡೆ. ಆದರೆ ಗೆರೆಯನ್ನು ಅಳಿಸಲಿಲ್ಲ. ಅದರ ಮೇಲೆಯೇ ಮುಂದಿನದನ್ನು ಬರಗೊಟ್ಟೆ. ಅದರ ಮೇಲೆ ಇನ್ನೊಂದು. ಸಪಾಟು ಗೆರೆಗಳೆಲ್ಲ ಕೆಳಗೆ ಒಂದರೊಳಗೊಂದು ಕೂಡಿ ದಪ್ಪಗಾದವು. ಒಂದೇ ಚೀಲದ ಉಬ್ಬುಗಳು ಅದರ ಮೇಲೆ ಒಂದೇ ಎತ್ತರಕ್ಕೆ ಎದ್ದು ನಿಂತವು. ಅದಕ್ಕೆ ಸರಿಯಾಗಿ ದುಪ್ಪಟ್ಟು ಎತ್ತರದಲ್ಲಿ ಎರಡು ಚೀಲದವು. ಇನ್ನೂ ಮೇಲೆ ಒಂದೇ ಒಂದು ಮೂರು ಚೀಲದ್ದು. ನಡುವೆ ಎಲ್ಲೂ ಏನೂ ಇಲ್ಲ. ಹಸಿರು ಮೆಟ್ಟಿಲುಗಳು! ನರವು ಇಡೀ ಚೀಲದ ಲೆಕ್ಕದಲ್ಲಿಯೇ ಮಾತಾಡುತ್ತದೆಂದು ಪುಸ್ತಕದಲ್ಲಿ ಓದಿದ್ದೆ. ಈಗ ಅದು ನನ್ನ ಕಣ್ಣೆದುರು ತೆರೆಯ ಮೇಲೆ ನಿಂತಿತ್ತು. ಮೈಯೆಲ್ಲ ಜುಮ್ಮೆಂದಿತು.

ಯಾರಿಗೆ ತೋರಿಸಲಿ? ಅಪ್ಪನಿಗೆ ತೋರಿಸಿದರೆ ಏನಿದು ಎನ್ನುವರು. ಅವ್ವನಿಗೆ ಮಗಳು ನಕ್ಕರೆ ಸಾಕು. ಅಷ್ಟು ದೊಡ್ಡ ಹೈದರಾಬಾದಿನಲ್ಲಿ, ಅಷ್ಟು ಜನ ಓದಿದವರ ನಡುವೆ, ಇದು ಎಂಥ ಚೆಲುವೆಂದು ಆ ಹೊತ್ತಿಗೆ ತಿಳಿಯಬಲ್ಲವಳು ಒಬ್ಬಳೇ ಇದ್ದಳು. ಅವಳನ್ನು ಕರೆಯಲು ನನಗೆ ಇಷ್ಟವಿರಲಿಲ್ಲ. ಸ್ವಲ್ಪ ಹೊತ್ತು ಕುರ್ಚಿಯಲ್ಲೇ ಹಲ್ಲು ಕಚ್ಚಿ ಕೂತೆ. ಆಮೇಲೆ ಹಾಸ್ಟೆಲ್ಲಿಗೆ ಓಡಿದೆ.

ವಾರಿಜಾ ತಲೆಸ್ನಾನ ಮಾಡಿ ಒದ್ದೆ ಕೂದಲಿನಲ್ಲಿಯೇ ಬಂದಳು. ತೆರೆಯ ಮುಂದೆ ಬಗ್ಗಿದಳು. ಹಾಡಲಿಲ್ಲ, ಮಾರಾಯ್ತಿ ಎನ್ನಲಿಲ್ಲ. ಮೆಟ್ಟಿಲುಗಳನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ನೋಡಿದಳು. ಅವಳ ಅಷ್ಟೂ ಬೆಳಗುಗಳಲ್ಲಿ ಇಂಥದೊಂದು ಬಂದಿರಲಿಲ್ಲ.

"ಕಪ್ಪೆ ಒಳ್ಳೇದು ಸಿಕ್ಕಿರಬೇಕು ನಿನಗೆ," ಎಂದಳು ಕೊನೆಗೆ.

ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ಮಳೆಗಾಲವಿಡೀ ಅದು ನನ್ನ ಗಂಟಲಲ್ಲೇ ಇತ್ತು. ಅವಳ ಮುಖ ನೋಡಿದೆ. ಹೌದು, ಅದೇ. ನಾನು ಕುರ್ಚಿಯಿಂದ ಎದ್ದು, "ಕೂಡು, ಸಾವಕಾಶ ನೋಡು," ಎಂದೆ. ಅವಳು ಕೂತು ನೋಡುತ್ತಲೇ ಇದ್ದಳು. ನಾನು ಪಕ್ಕದಲ್ಲೇ ನಿಂತಿದ್ದೆ, ಅವಸರ ಮಾಡಲಿಲ್ಲ.